ಫಾನ್ ಜಿನ್ ಕೆನ್ನೆಗೆ ಬಿದ್ದ ಏಟು

ಸಂತೆಯಲ್ಲಿ ಒಬ್ಬ ಮನುಷ್ಯ ಕೋಳಿ ಮಾರಲು ನಿಂತಿದ್ದಾನೆ. ವಯಸ್ಸು ಐವತ್ತು ದಾಟಿದೆ. ಕಂಕುಳಲ್ಲಿ ಮೊಟ್ಟೆ ಇಡುವ ಹೇಟೆ. ಕೋಳಿ ಮಾರಾಟಕ್ಕಿದೆ ಅನ್ನುವುದಕ್ಕೆ ಗುರುತಾಗಿ ಒಂದು ಹುಲ್ಲುಕಡ್ಡಿ. ಒಂದೊಂದೇ ಹೆಜ್ಜೆ ಇಡುತ್ತಾ, ಅತ್ತ ಇತ್ತ ನೋಡುತ್ತಾ ಗಿರಾಕಿ ಹುಡುಕುತ್ತಿದ್ದಾನೆ. ಮನೆಯಲ್ಲಿ ಒಂದು ಹಿಡಿ ಅಕ್ಕಿ ಇಲ್ಲ. ಹಸಿದು ಹಸಿದು ಕಣ್ಣೇ ಕಾಣುತ್ತಿಲ್ಲ, ಇದನ್ನು ಮಾರಿ ಒಂದಿಷ್ಟು ಅಕ್ಕಿ ತಾ, ಗಂಜಿ ಕಾಯಿಸೋಣ ಅಂತ ತಾಯಿಯೇ ಕಳಿಸಿದ್ದಾಳೆ.

ಅಷ್ಟರಲ್ಲಿ ನೆರೆಮನೆಯವನು ಓಡಿ ಬರುತ್ತಾನೆ. ನೀನು ಪಾಸಾಗಿದ್ದೀಯ, ಸುದ್ದಿ ತಂದವರು ಮನೆ ತುಂಬಾ ಕೂತಿದ್ದಾರೆ, ನಡಿ ಅನ್ನುತ್ತಾನೆ. ಇವನು ನಂಬುವುದಿಲ್ಲ. ಹಸಿದವನ ಹತ್ತಿರ ಯಾಕಪ್ಪಾ ತಮಾಷೆ ಅಂದುಕೊಂಡು ತಲೆ ತಗ್ಗಿಸಿ ಮುಂದೆ ಹೋಗುತ್ತಾನೆ. ಕೊನೆಗೆ ನೆರೆಯವನು ಕೋಳಿಯನ್ನು ಕಿತ್ತು ನೆಲಕ್ಕೆ ಎಸೆದು, ಇವನನ್ನು ದರದರ ಎಳೆದುಕೊಂಡು ಹೋಗುತ್ತಾನೆ.

ಆ ಮನುಷ್ಯನ ಹೆಸರು ಫಾನ್ ಜಿನ್. ಊರು ಚೀನಾದ ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ. ಅವನು ಬದುಕಿದ್ದು ಒಂದು ಕಾದಂಬರಿಯ ಒಳಗೆ ಮಾತ್ರ. ಕಾದಂಬರಿ 'ರೂಲಿನ್ ವೈಷಿ'. ಬರೆದವನು ವೂ ಜಿಂಗ್‌ಝಿ (1701–1754). ಚೀನಾದ ಅಧಿಕೃತ ರಾಜವಂಶ ಚರಿತ್ರೆಗಳಲ್ಲಿ 'ರೂಲಿನ್', ಅಂದರೆ ವಿದ್ವಾಂಸರ ವನ, ಅಂತ ಒಂದು ಅಧ್ಯಾಯ ಇರುತ್ತಿತ್ತು. ದೊಡ್ಡ ದೊಡ್ಡ ಪಂಡಿತರ ಜೀವನ ಅದರಲ್ಲಿ ದಾಖಲಾಗುತ್ತಿತ್ತು. 'ವೈಷಿ' ಅಂದರೆ ಹೊರಗಿನ ಚರಿತ್ರೆ, ಆಸ್ಥಾನದವರು ಬರೆಸದ ಚರಿತ್ರೆ. ಹೆಸರಿನಲ್ಲೇ ಚುಚ್ಚು ಇದೆ.

ಈ ಬರಹದಲ್ಲಿ ಇಡೀ ಕಾದಂಬರಿಯನ್ನು ಹೇಳಲು ಹೋಗುವುದಿಲ್ಲ. ಹೇಳಲಿಕ್ಕೂ ಆಗುವುದಿಲ್ಲ. 56 ಅಧ್ಯಾಯ, ನೂರಾರು ಪಾತ್ರ, ನಾಯಕ ಅಂತ ಒಬ್ಬನಿಲ್ಲ. ಒಬ್ಬನ ಕಥೆ ನಡೆಯುತ್ತಿರುವಾಗಲೇ ಇನ್ನೊಬ್ಬ ಬಾಗಿಲು ತೆಗೆದು ಬರುತ್ತಾನೆ, ಕಥೆ ಅವನ ಹಿಂದೆ ಹೊರಟುಬಿಡುತ್ತದೆ. ನಾನು ತೆಗೆದುಕೊಂಡಿರುವುದು ಮೂರನೇ ಅಧ್ಯಾಯದ ಒಂದೇ ಪ್ರಕರಣ. ಫಾನ್ ಜಿನ್ ಪಾಸಾದ, ಹುಚ್ಚನಾದ, ಒಂದು ಏಟಿಗೆ ಸರಿಹೋದ. ಇದು ಯಾಕೆ ಹೀಗೆ ನಡೆಯಿತು, ಬರೆದವನಿಗೆ ಇದು ಎಲ್ಲಿಂದ ಸಿಕ್ಕಿತು ಅನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲು ಆಗಿನ ಚೀನಾದಲ್ಲಿ ಅಧಿಕಾರಿಗಳನ್ನು ಆರಿಸುತ್ತಿದ್ದ ಪರೀಕ್ಷೆಯ ಮೆಟ್ಟಿಲು ಗೊತ್ತಿರಬೇಕು. ಕೆಳಗಿನದು ಶಿಯೂತ್ಸಾಯ್. ಜಿಲ್ಲೆಯ ಮಟ್ಟದ್ದು. ಪಾಸಾದರೆ ಬಿಟ್ಟಿ ದುಡಿಮೆಯಿಂದ ಬಿಡುಗಡೆ, ಅಧಿಕಾರಿಯ ಮುಂದೆ ಮಂಡಿಯೂರಬೇಕಿಲ್ಲ. ಪದವಿ ಕಿತ್ತುಕೊಳ್ಳದೆ ಛಡಿಯೇಟು ಕೊಡುವಂತಿಲ್ಲ. ಆದರೆ ಹೊಟ್ಟೆ ತುಂಬುವುದಿಲ್ಲ. ಅದರ ಮೇಲೆ ಜೂರೆನ್. ಮೂರು ವರ್ಷಕ್ಕೊಮ್ಮೆ ಪ್ರಾಂತ್ಯದ ರಾಜಧಾನಿಯಲ್ಲಿ ನಡೆಯುತ್ತದೆ. ಬರೆದ ನೂರು ಜನರಲ್ಲಿ ನಾಲ್ಕೈದು ಮಂದಿ ದಾಟಿದರೆ ಜಾಸ್ತಿ. ವೂ ಜಿಂಗ್‌ಝಿಯ ಕಾಲಕ್ಕೆ ಅದಕ್ಕಿಂತಲೂ ಕಮ್ಮಿ. ಇದನ್ನು ದಾಟಿದವನು ಅಧಿಕಾರಿಯಾಗಬಹುದು. ತುತ್ತತುದಿಯಲ್ಲಿ ಬೀಜಿಂಗ್‌ನಲ್ಲಿ ನಡೆಯುವ ಜಿನ್‌ಶಿ. ಎಲ್ಲಕ್ಕೂ ಬರೆಯಬೇಕಾದದ್ದು ಮುಖ್ಯವಾಗಿ ಒಂದೇ ಥರದ ಬರಹ. ಕನ್‌ಫ್ಯೂಷಿಯಸ್ ಪರಂಪರೆಯ ನಾಲ್ಕು ಗ್ರಂಥಗಳಿಂದ ಒಂದು ಸಾಲು ಕೊಡುತ್ತಾರೆ, ಅದರ ಮೇಲೆ ಅಳತೆ ಹಿಡಿದು ಕಟ್ಟಿದ ಪ್ರಬಂಧ ಬರೆಯಬೇಕು. ಅದಕ್ಕೆ 'ಎಂಟು ಕಾಲಿನ ಪ್ರಬಂಧ' ಅಂತಲೇ ಹೆಸರು. ಅರ್ಥವನ್ನೂ ಹನ್ನೆರಡನೇ ಶತಮಾನದ ಝು ಶಿ ಹೇಳಿದ ಹಾಗೇ ಹೇಳಬೇಕು. ಸ್ವಂತ ಬುದ್ಧಿ ತೋರಿಸಿದರೆ ಕೆಟ್ಟಿತು.

ಫಾನ್ ಜಿನ್ ಇಪ್ಪತ್ತನೇ ವಯಸ್ಸಿನಿಂದ ಕೆಳಗಿನ ಮೆಟ್ಟಿಲನ್ನೇ ಹತ್ತುತ್ತಿದ್ದ. ಇಪ್ಪತ್ತಕ್ಕೂ ಹೆಚ್ಚು ಸಲ ಬರೆದ. ರಿಜಿಸ್ಟರಿನಲ್ಲಿ ವಯಸ್ಸು 30 ಅಂತಿದೆ. ನಿಜವಾದ ವಯಸ್ಸು 54.

ಪಾಸು ಮಾಡಿದವನು ಯಾರು?

ಕೊನೆಗೆ ಅವನನ್ನು ಶಿಯೂತ್ಸಾಯ್ ಮಾಡಿದ ಪರೀಕ್ಷಕ ಚೌ ಜಿನ್. ಈತನದೂ ಇದೇ ಕಥೆ. ಅರವತ್ತು ದಾಟಿದರೂ ಶಿಯೂತ್ಸಾಯ್ ಆಗಿರಲಿಲ್ಲ. ಹಳ್ಳಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ, ಆ ಕೆಲಸವೂ ಹೋಯಿತು. ವ್ಯಾಪಾರಿಗಳ ಲೆಕ್ಕ ಬರೆಯಲು ಜಿನಾನ್ ಪಟ್ಟಣಕ್ಕೆ ಹೋದಾಗ, ಅಲ್ಲಿನ ಪರೀಕ್ಷಾ ಆವರಣ ನೋಡುವ ಆಸೆಯಾಯಿತು. ಒಬ್ಬರು ಕೂರುವಷ್ಟೇ ಜಾಗದ ಗೂಡು. ಒಳಗೆ ಎರಡು ಹಲಗೆ, ಒಂದು ಕೂರುವುದಕ್ಕೆ, ಒಂದು ಬರೆಯುವುದಕ್ಕೆ. ಆ ಹಲಗೆ ಕಂಡದ್ದೇ ತಡ, ಮುದುಕ ತಲೆ ಚಚ್ಚಿಕೊಂಡು ಪ್ರಜ್ಞೆ ತಪ್ಪಿ ಬಿದ್ದ. ಎಚ್ಚರವಾದ ಮೇಲೆ ಗೂಡಿನಿಂದ ಗೂಡಿಗೆ ಹೋಗಿ ಅತ್ತ. ಕನಿಕರಪಟ್ಟ ವ್ಯಾಪಾರಿಗಳು ಚಂದಾ ಎತ್ತಿ ಅವನಿಗೊಂದು ಪದವಿ ಕೊಂಡುಕೊಟ್ಟರು. ಹೌದು, ದುಡ್ಡಿಗೆ ಸಿಗುವ ಪದವಿಯೂ ಇತ್ತು. ಅದರ ಬಲದಿಂದ ನೇರವಾಗಿ ಮೇಲಿನ ಪರೀಕ್ಷೆಗೆ ಕೂತು ಒಂದಾದ ಮೇಲೆ ಒಂದು ದಾಟಿಬಿಟ್ಟ.

ಈಗ ಅವನೇ ಪರೀಕ್ಷಕ. ಮೈಮೇಲೆ ಕೆಂಪು ನಿಲುವಂಗಿ, ಸೊಂಟಕ್ಕೆ ಚಿನ್ನದ ಪಟ್ಟಿ. ಎದುರಿಗೆ ಚಳಿಗೆ ನಡುಗುತ್ತಾ ನಾರುಬಟ್ಟೆ ತೊಟ್ಟು, ಹರಿದ ಟೊಪ್ಪಿ ಹಾಕಿಕೊಂಡ, ನರೆತ ಗಡ್ಡದ ಫಾನ್ ಜಿನ್. ಅವನ ಉತ್ತರವನ್ನು ಚೌ ಜಿನ್ ಒಮ್ಮೆ ಓದುತ್ತಾನೆ. ತಲೆಬುಡ ಗೊತ್ತಾಗುವುದಿಲ್ಲ. ಅದಕ್ಕೇ ಇವನು ಇಷ್ಟು ವರ್ಷ ಪಾಸಾಗಿಲ್ಲ ಅಂದುಕೊಳ್ಳುತ್ತಾನೆ. ಎರಡನೇ ಸಲ ಓದಿದಾಗ ಏನೋ ಇದೆ ಅನ್ನಿಸುತ್ತದೆ. ಮೂರನೇ ಸಲ ಓದಿದಾಗ ಭೂಮಿಯ ಮೇಲೆ ಇಂಥ ಬರಹ ಇನ್ನೊಂದಿಲ್ಲ, ಅಕ್ಷರ ಅಕ್ಷರವೂ ಮುತ್ತು!

ಮೇಲ್ನೋಟಕ್ಕೆ ಇದು ಒಳ್ಳೆಯ ಪರೀಕ್ಷಕನ ಕಥೆ, ಅಲ್ವಾ? ತಾಳ್ಮೆಯಿಂದ ಮೂರು ಸಲ ಓದಿದ. ಆದರೆ ವೂ ಜಿಂಗ್‌ಝಿ ಆ ಪ್ರಬಂಧದ ಒಂದು ಸಾಲನ್ನೂ ನಮಗೆ ತೋರಿಸುವುದಿಲ್ಲ. ಬದಲಾದದ್ದು ಬರಹವೋ, ಓದಿದವನ ಕನಿಕರವೋ? ಅದೇ ದಿನ ಇನ್ನೊಬ್ಬ ಹುಡುಗ ಬಂದು, ನನಗೆ ಕವಿತೆಯೂ ಬರುತ್ತದೆ, ಅದರಲ್ಲೂ ಪರೀಕ್ಷಿಸಿ ಅನ್ನುತ್ತಾನೆ. ಚೌ ಜಿನ್ ಬೈದು ಹೊರಗೆ ದಬ್ಬಿಸುತ್ತಾನೆ. ಈ ಎರಡು ಘಟನೆಯ ನಡುವೆ ಲೇಖಕ ಒಂದು ಮಾತೂ ಆಡುವುದಿಲ್ಲ. ಪಕ್ಕಪಕ್ಕ ಇಟ್ಟು ಸುಮ್ನೆ ಇರುತ್ತಾನೆ. ಇಡೀ ಕಾದಂಬರಿಯ ವರಸೆ ಇದೇ.

ಮಾವ, ಏಕವಚನದಿಂದ ಬಹುವಚನಕ್ಕೆ

ಫಾನ್ ಜಿನ್‌ನ ಮಾವ ಹಂದಿ ಮಾಂಸ ಮಾರುವ ಕಟುಕ. ಹೆಸರು ಹೂ. ನಮ್ಮ ಕಿವಿಗೆ ಹೂವು, ಆಸಾಮಿ ಮಾತ್ರ ಬರೀ ಮುಳ್ಳು. ಅಳಿಯ ಶಿಯೂತ್ಸಾಯ್ ಆದಾಗ ಒಂದಿಷ್ಟು ಹಂದಿ ಕರುಳು, ಒಂದು ಬಾಟಲಿ ಹೆಂಡ ಹಿಡಿದು ಬಂದ. ಬಂದವನು ಹರಸಲಿಲ್ಲ, ಬೈದ. ನಿನ್ನಂಥ ದರಿದ್ರನಿಗೆ ಮಗಳನ್ನು ಕೊಟ್ಟು ಕೆಟ್ಟೆ, ಇಷ್ಟು ವರ್ಷದಲ್ಲಿ ಅವಳು ಎರಡು ಮೂರು ಸಲವಾದರೂ ಹಂದಿ ಕೊಬ್ಬು ಕಂಡಳೋ ಇಲ್ಲವೋ ಅಂದ. ಜೊತೆಗೆ ಬುದ್ಧಿಮಾತು. ನಮ್ಮ ಕಸುಬಿನವರ ಮುಂದೆ ದೊಡ್ಡಸ್ತಿಕೆ ತೋರಿಸಬೇಡ. ಆದರೆ ಬಾಗಿಲಲ್ಲಿ ಗೊಬ್ಬರ ಹೊರುವವರ ಜೊತೆ ಸರಿಸಮ ನಿಂತು ನಮಸ್ಕಾರ ಹಾಕಿದರೆ ನನ್ನ ಮರ್ಯಾದೆಯೂ ಹೋಗುತ್ತದೆ ಅಂದ. ತಂದದ್ದನ್ನು ತಾನೇ ಚೆನ್ನಾಗಿ ತಿಂದು ಕುಡಿದು, ಹೊಟ್ಟೆ ಮುಂದೆ ಮಾಡಿಕೊಂಡು ಹೊರಟುಹೋದ.

ಜೂರೆನ್ ಪರೀಕ್ಷೆಗೆ ಹೋಗಲು ದಾರಿ ಖರ್ಚು ಕೇಳಿದಾಗ ಮುಖಕ್ಕೇ ಉಗಿದ. ಕಪ್ಪೆಗೆ ಹಂಸದ ಮಾಂಸದ ಆಸೆ ಅಂದ. ಆ ಚೂಪು ಮೂತಿ, ಕೋತಿ ದವಡೆ ಇಟ್ಟುಕೊಂಡು ಜೂರೆನ್ ಆಗುತ್ತೀಯಾ, ಉಚ್ಚೆಯಲ್ಲಿ ಮುಖ ನೋಡಿಕೋ ಅಂದ. ಫಾನ್ ಜಿನ್ ಮಾವನಿಗೆ ಹೇಳದೆ ಪಟ್ಟಣಕ್ಕೆ ಹೋಗಿ ಬರೆದು ಬಂದ. ಬಂದಾಗ ಮನೆಯವರು ಎರಡು ಮೂರು ದಿನದಿಂದ ಉಪವಾಸ. ಅದಕ್ಕೂ ಬೈಗುಳ.

ಈಗ ಕೋಳಿ ಎಸೆದ ದಿನಕ್ಕೆ ಬರೋಣ. ಮನೆಯಲ್ಲಿ ಸುದ್ದಿಪತ್ರ ತೂಗುಹಾಕಿದ್ದಾರೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಪರೀಕ್ಷೆಯಲ್ಲಿ ಏಳನೇ ಸ್ಥಾನ. ಫಾನ್ ಜಿನ್ ಒಮ್ಮೆ ಓದಿದ, ಇನ್ನೊಮ್ಮೆ ಓದಿದ, ಕೈ ತಟ್ಟಿ ನಕ್ಕ. ಪಾಸಾದೆ ಅಂತ ಕೂಗಿ ಹಿಂದಕ್ಕೆ ಬಿದ್ದ. ನೀರು ಕುಡಿಸಿ ಎಬ್ಬಿಸಿದರೆ ಮತ್ತೆ ಕೈ ತಟ್ಟುತ್ತಾ ಓಡಿದ. ಕೊಳಕ್ಕೆ ಬಿದ್ದ. ಕೂದಲು ಬಿಚ್ಚಿಹೋಗಿ, ಕೈಯೆಲ್ಲ ಕೆಸರಾಗಿ, ಮೈಯಿಂದ ನೀರು ಸುರಿಸುತ್ತಾ ಸಂತೆಯ ಕಡೆಗೇ ಓಡಿದ.

ಸುದ್ದಿ ತಂದವರಲ್ಲಿ ಒಬ್ಬ ಉಪಾಯ ಹೇಳಿದ. ಖುಷಿ ಹೆಚ್ಚಾಗಿ ಕಫ ಏರಿ ಎದೆಗೆ ಕಟ್ಟಿಕೊಂಡಿದೆ. ಇವನು ಯಾರಿಗೆ ಹೆದರುತ್ತಾನೋ ಅವರು ಒಂದು ಬಾರಿಸಿ, ನೀನು ಪಾಸಾಗಿಲ್ಲ, ಎಲ್ಲ ಸುಳ್ಳು ಅನ್ನಬೇಕು. ಆಗ ಕಫ ಹೊರಗೆ ಬರುತ್ತದೆ. ಊರಿನವರೆಲ್ಲ ಒಟ್ಟಿಗೆ ಒಂದೇ ಹೆಸರು ಹೇಳಿದರು. ಕಟುಕ ಹೂ.

ಮಾವ ಆಗಲೇ ಹೊರಟಿದ್ದ. ಈ ಸಲ ಕರುಳಲ್ಲ. ನಾಲ್ಕೈದು ಕಿಲೋ ಮಾಂಸ, ನಾಲ್ಕೈದು ಸಾವಿರ ಕಾಸು, ಹೊರಲು ಒಬ್ಬ ಆಳು. ಹೊಡೆಯಬೇಕು ಅಂದಾಗ ಹಿಂಜರಿದ. ಅಳಿಯ ಈಗ ಆಕಾಶದ ನಕ್ಷತ್ರ, ಹೊಡೆದರೆ ಯಮ ನೂರು ಕಬ್ಬಿಣದ ಏಟು ಕೊಟ್ಟು ಹದಿನೆಂಟನೇ ನರಕಕ್ಕೆ ತಳ್ಳುತ್ತಾನೆ ಅಂದ. ಎರಡು ಬಟ್ಟಲು ಹೆಂಡ ಏರಿಸಿಕೊಂಡ ಮೇಲೆ ಧೈರ್ಯ ಬಂತು. ದೇವಸ್ಥಾನದ ಬಾಗಿಲಲ್ಲಿ ಕೂಗಾಡುತ್ತಿದ್ದ ಅಳಿಯನ ಕೆನ್ನೆಗೆ ಬಾರಿಸಿ, ಏನೋ ಪಾಸಾಗಿದ್ದೀಯ ನೀನು ಅಂದ. ಫಾನ್ ಜಿನ್ ಬಿದ್ದ, ಎದ್ದ, ಕಣ್ಣು ತಿಳಿಯಾಯಿತು. ಮಾವನ ಕೈ ಮಾತ್ರ ನೋಯಲು ಶುರುವಾಯಿತು. ಬೆರಳು ಮಡಚಲು ಆಗುತ್ತಿಲ್ಲ. ದೇವರೇ ಶಿಕ್ಷೆ ಕೊಟ್ಟ ಅಂದುಕೊಂಡು ಹಚ್ಚಲು ಪಟ್ಟು ಕೇಳಿದ.

ಎಲ್ಲರೂ ಇಲ್ಲಿಗೆ ನಕ್ಕು ಪುಟ ಮಗುಚುತ್ತಾರೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಮುಂದಿನ ಒಂದು ಸಣ್ಣ ವಿವರ. ಎಚ್ಚರವಾದ ಫಾನ್ ಜಿನ್ ಮುಖ ತೊಳೆಯುತ್ತಾ ತಲೆ ಎತ್ತಿದರೆ ಎದುರಿಗೆ ಮಾವ. ಇವನಿಗೆ ಭಯ, ಮತ್ತೆ ಬೈಯಲು ಬಂದನಲ್ಲಪ್ಪಾ ಅಂತ. ಆದರೆ ಮಾವ ಅನ್ನುತ್ತಾನೆ, ಅಳಿಯಂದಿರೇ, ದೊರೆ, ನಾನಾಗಿ ಕೈ ಮಾಡಲಿಲ್ಲ, ನಿಮ್ಮ ತಾಯಿಯವರೇ ಹೇಳಿದ್ದು! ಮನೆಗೆ ಹೋಗುವ ದಾರಿಯುದ್ದಕ್ಕೂ ಹಿಂದಿನಿಂದ ಬಗ್ಗಿ ಬಗ್ಗಿ ಅಳಿಯನ ಅಂಗಿಯ ಸುಕ್ಕು ಎಳೆದು ಸರಿಮಾಡುತ್ತಾನೆ, ಹತ್ತಾರು ಸಲ. ಕೋತಿ ದವಡೆ ಹೋಯಿತು. ಪಟ್ಟಣದ ದೊಡ್ಡ ಮನೆತನದವರಿಗೂ ನನ್ನ ಅಳಿಯಂದಿರ ಮುಖಲಕ್ಷಣ ಇಲ್ಲ ಅಂತ ಊರಿಗೆಲ್ಲ ಹೇಳುತ್ತಾನೆ.

ಕನ್ನಡದಲ್ಲಿ ಇದನ್ನು ಹೇಳುವುದು ಸುಲಭ. ನಮ್ಮಲ್ಲೂ ಮನುಷ್ಯನ ಬೆಲೆ ಏಕವಚನ, ಬಹುವಚನದಲ್ಲೇ ಗೊತ್ತಾಗುತ್ತದೆ. ಬೆಳಗ್ಗೆ 'ಏನೋ' ಆಗಿದ್ದವನು ಮಧ್ಯಾಹ್ನಕ್ಕೆ 'ತಾವು' ಆದ. ಊರೆಲ್ಲ ಒಂದೇ ಗಳಿಗೆಯಲ್ಲಿ ವ್ಯಾಕರಣ ಬದಲಿಸಿಕೊಂಡಿತು. ಗೊತ್ತಾಗದೆ ಉಳಿದವನು ಫಾನ್ ಜಿನ್ ಒಬ್ಬನೇ. ಅವನ ಹುಚ್ಚನ್ನು ನಾನು ಹೀಗೇ ಓದುತ್ತೇನೆ. ಮೂವತ್ನಾಲ್ಕು ವರ್ಷ ಒಂದು ಗೋಡೆಗೆ ಹೆಗಲು ಕೊಟ್ಟು ನಿಂತವನು, ಗೋಡೆ ಸರಿದಾಗ ಮುಗ್ಗರಿಸಿದ. ಗೋಡೆಯ ಆ ಕಡೆಯವರಿಗೆ ಅದು ತಮಾಷೆ.

ವೈದ್ಯ ಹೋಗಿ ಕಟುಕ ಬಂದ

ಈ ಘಟನೆ ಪೂರ್ತಿ ಕಲ್ಪನೆಯಲ್ಲ. ವೂ ಜಿಂಗ್‌ಝಿ ಹುಟ್ಟುವ ಮೊದಲೇ ತೀರಿಕೊಂಡ ಲಿಯೂ ಶಿಯಾನ್‌ಟಿಂಗ್ (1648–1695) ಎಂಬ ವಿದ್ವಾಂಸನ ಟಿಪ್ಪಣಿಗಳಲ್ಲಿ ಹೀಗೊಂದು ಕಥೆ ಇದೆ. ಒಬ್ಬ ಜೂರೆನ್ ಪಾಸಾದ ಖುಷಿಗೆ ನಗು ನಿಲ್ಲಿಸಲಾಗದೆ ಹುಚ್ಚನಾದ. ಗಾವ್‌ಯೂ ಊರಿನ ಹೆಸರುವಾಸಿ ವೈದ್ಯರ ಹತ್ತಿರ ಬಂದ. ವೈದ್ಯರು ನಾಡಿ ನೋಡಿ, ನೀನು ಹತ್ತು ದಿನ ಬದುಕುವುದಿಲ್ಲ, ಬೇಗ ಊರಿಗೆ ಹೋಗು, ದಾರಿಯಲ್ಲಿ ಝೆನ್‌ಜಿಯಾಂಗ್‌ನಲ್ಲಿ ಇಂಥ ವೈದ್ಯರನ್ನು ನೋಡು ಅಂತ ಒಂದು ಕಾಗದ ಕೊಟ್ಟರು. ಅಲ್ಲಿ ಮುಟ್ಟುವಷ್ಟರಲ್ಲಿ ನಗು ನಿಂತಿತ್ತು. ಕಾಗದದಲ್ಲಿ ಇದ್ದದ್ದು ಇಷ್ಟೇ. ಹಿಗ್ಗಿ ತೆರೆದುಕೊಂಡ ಹೃದಯ ಮುಚ್ಚುತ್ತಿಲ್ಲ, ಇದಕ್ಕೆ ಔಷಧಿ ಇಲ್ಲ, ಅದಕ್ಕೇ ಸಾವಿನ ಹೆದರಿಕೆ ಹುಟ್ಟಿಸಿದ್ದೇನೆ, ನಿಮ್ಮಲ್ಲಿಗೆ ಬರುವಾಗ ಸರಿಹೋಗಿರುತ್ತಾನೆ. ಹಿಗ್ಗನ್ನು ಭಯ ಗೆಲ್ಲುತ್ತದೆ ಅನ್ನುವುದು ಚೀನಾದ ವೈದ್ಯದ ಹಳೆಯ ಲೆಕ್ಕ.

ಫಾನ್ ಜಿನ್ ಕಥೆಗೆ ಮೂಲ ಇದೇ ಅಂತ ಹಲವು ಓದುಗರು ಹೇಳುತ್ತಾರೆ. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿದರೆ ಏನು ಬದಲಾಗಿದೆ ಕಾಣುತ್ತದೆ. ಹಳೆಯ ಕಥೆಯಲ್ಲಿ ರೋಗ ಒಬ್ಬನದು, ಮದ್ದು ವೈದ್ಯರ ಜಾಣತನ. ವೂ ಅದರಿಂದ ವೈದ್ಯರನ್ನು ತೆಗೆದು ಮಾವನನ್ನು ಇಟ್ಟ. ಸಾವಿನ ಭಯ ತೆಗೆದು ಮನೆಯವರ ಭಯ ಇಟ್ಟ. ಅಷ್ಟೇ ಸಾಕಾಯಿತು. ರೋಗ ಊರಿನದ್ದಾಯಿತು.

ಬೆಳ್ಳಿಯ ಲೆಕ್ಕ

ಮಾವನಿಗೆ ಮಾತ್ರ ಬೈದರೆ ಅನ್ಯಾಯ. ಅವನಿಗೆ ಗೊತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಅದೇ ದಿನ ಚಾಂಗ್ ಎಂಬ ದೊಡ್ಡಮನುಷ್ಯ ಪಲ್ಲಕ್ಕಿಯಲ್ಲಿ ಬಂದ. ಹಿಂದೆ ಜೂರೆನ್ ಆಗಿದ್ದವನು, ಅಧಿಕಾರಿಯೂ ಆಗಿದ್ದವನು. ಅಲ್ಲಿಯವರೆಗೆ ಈ ಮನೆಯ ಕಡೆ ತಿರುಗಿ ನೋಡಿದವನಲ್ಲ. ಈಗ ನಾವಿಬ್ಬರೂ ಅಣ್ಣತಮ್ಮ ಇದ್ದ ಹಾಗೆ ಅಂದು 50 ಲಿಯಾಂಗ್ (ಬೆಳ್ಳಿ ತೂಗುವ ಅಳತೆ) ಬೆಳ್ಳಿ ಕೊಟ್ಟ. ವಾಸಕ್ಕೆ ತನ್ನದೊಂದು ಖಾಲಿ ಮನೆಯನ್ನೂ ಕೊಟ್ಟ. ಫಾನ್ ಜಿನ್ ಆ ಬೆಳ್ಳಿಯಲ್ಲಿ ಆರು ಲಿಯಾಂಗ್ ಚಿಲ್ಲರೆಯನ್ನು ಮಾವನಿಗೆ ಕೊಟ್ಟ. ಮಾವ ಬೆಳ್ಳಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಆ ಮುಷ್ಟಿಯನ್ನೇ ಮುಂದೆ ಚಾಚಿ, ಬೇಡ ಬೇಡ, ನೀವೇ ಇಟ್ಟುಕೊಳ್ಳಿ ಅಂದ! ಇನ್ನೊಮ್ಮೆ ಒತ್ತಾಯ ಮಾಡುವಷ್ಟರಲ್ಲಿ ಮುಷ್ಟಿ ಸೊಂಟಕ್ಕೆ ಇಳಿದಿತ್ತು.

ಆಮೇಲೆ ಜನ ಬಂದರು. ಕೆಲವರು ಹೊಲ ಕೊಟ್ಟರು, ಕೆಲವರು ಅಂಗಡಿ ಕೊಟ್ಟರು. ಬಾಳಿ ಕೆಟ್ಟ ಗಂಡ ಹೆಂಡತಿಯರು ಬಂದು ನಾವು ನಿಮ್ಮ ಆಳುಗಳು ಅಂದರು. ಎರಡು ಮೂರು ತಿಂಗಳಲ್ಲಿ ಮನೆ ತುಂಬಿತು. ಯಾಕೆ ಕೊಟ್ಟರು? ಕಾದಂಬರಿ ಒಂದೇ ಮಾತಿನಲ್ಲಿ ಹೇಳುತ್ತದೆ, ನೆರಳಿಗಾಗಿ. ಅದರ ಹಿಂದೆ ಒಂದು ವ್ಯವಸ್ಥೆ ಇದೆ. ಕಾದಂಬರಿ ನಡೆಯುವ ಮಿಂಗ್ ರಾಜವಂಶದ ಕಾಲದಲ್ಲಿ (1368–1644) ಪದವೀಧರರ ಮನೆಗೆ ಬಿಟ್ಟಿ ದುಡಿಮೆಯಿಂದ ವಿನಾಯಿತಿ ಇತ್ತು. ತೆರಿಗೆ ವಸೂಲಿಯವರೂ ಅವರನ್ನು ಮುಟ್ಟಲು ಹೆದರುತ್ತಿದ್ದರು. ಆದ್ದರಿಂದ ಸಣ್ಣ ರೈತ ತನ್ನ ಹೊಲವನ್ನು ಜೂರೆನ್ ಹೆಸರಿಗೆ ಬರೆದು, ಅವನ ಒಕ್ಕಲಾಗಿ ಉಳಿದರೆ ತಲೆಬಿಸಿ ಕಡಿಮೆ. ಅಧಿಕಾರಿಯ ಮನೆಗೆ ಅತಿಥಿಯಾಗಿ ಹೋಗಿ ಕೂರಬಲ್ಲವನು ಊರಿಗೆ ಒಬ್ಬನೋ ಇಬ್ಬರೋ. ಜಗಳ ಬಂದರೆ ಅವನ ಒಂದು ಚೀಟಿ ಸಾಕು. ಈ ಕಾಣಿಕೆಗಳಲ್ಲಿ ಪಾಂಡಿತ್ಯಕ್ಕೆ ಸಂದದ್ದು ಒಂದು ಕಾಸೂ ಇಲ್ಲ. ಅವನು ಬರೆದ ಪ್ರಬಂಧ ಯಾವ ವಿಷಯದ್ದು ಅಂತ ಊರಲ್ಲಿ ಒಬ್ಬನೂ ಕೇಳಲಿಲ್ಲ.

ಇಷ್ಟೆಲ್ಲ ಆದ ಮೇಲೆ ತಾಯಿ. ಪಿಂಗಾಣಿ ಬಟ್ಟಲು ತೊಳೆಯುತ್ತಿದ್ದ ಆಳುಗಳಿಗೆ, ಜೋಪಾನ, ಇದೆಲ್ಲ ಬೇರೆಯವರದ್ದು ಅಂದಳು. ಅವರು ನಕ್ಕು, ಅಲ್ಲಮ್ಮಾ, ಎಲ್ಲ ನಿಮ್ಮದೇ ಅಂದರು. ಅವಳು ಪಾತ್ರೆ ನೋಡಿದಳು, ಬೆಳ್ಳಿ ನೋಡಿದಳು, ಗಟ್ಟಿಯಾಗಿ ನಕ್ಕು ಬಿದ್ದಳು. ಅವಳಿಗೆ ಬಾರಿಸಿ ಎಬ್ಬಿಸುವವರು ಯಾರೂ ಇರಲಿಲ್ಲ. ಸತ್ತೇಹೋದಳು.

ಎರಡೂ ಮನೆ ಕಂಡವನು

ವೂ ಜಿಂಗ್‌ಝಿ ಹುಟ್ಟಿದ್ದು ಅನ್‌ಹುಯ್ ಪ್ರಾಂತ್ಯದ ಚುವಾನ್‌ಜಿಯಾವ್‌ನಲ್ಲಿ, ಇಂಥ ಕಾಣಿಕೆ ಬರುವ ಮನೆಯಲ್ಲಿ. ಮುತ್ತಾತನ ತಲೆಮಾರಿನ ಐವರು ಅಣ್ಣತಮ್ಮಂದಿರಲ್ಲಿ ನಾಲ್ವರು ಜಿನ್‌ಶಿ. ಮುತ್ತಾತ ವೂ ಗುವೊದುಯ್ 1658ರಲ್ಲಿ ಇಡೀ ದೇಶಕ್ಕೆ ಮೂರನೆಯವನಾಗಿ ಬಂದವನು. ಮನೆಯ ಮುಂದಿನ ಪೀಳಿಗೆಯಿಂದ ಏನು ನಿರೀಕ್ಷೆ ಅಂತ ಬೇರೆ ಹೇಳಬೇಕಾ? ವೂ 1723ರಲ್ಲಿ ಶಿಯೂತ್ಸಾಯ್ ಆದ. ಅದೇ ವರ್ಷ ತಂದೆ ತೀರಿಕೊಂಡರು. ಆಸ್ತಿಗಾಗಿ ದಾಯಾದಿಗಳು ಮುಗಿಬಿದ್ದರು. ಉಳಿದದ್ದನ್ನು ಇವನು ಕೇಳಿದವರಿಗೆಲ್ಲ ಕೊಟ್ಟ, ಕುಡಿದ, ಕಳೆದ.

1729ರಲ್ಲಿ, ಜೂರೆನ್ ಪರೀಕ್ಷೆಗೆ ಕೂರಲು ಬೇಕಾದ ಅರ್ಹತಾ ಪರೀಕ್ಷೆ ಬರೆದಾಗ ನಡೆದದ್ದು ಬಂಧುವೊಬ್ಬನ ಕವಿತೆಯಲ್ಲಿ ಉಳಿದಿದೆ. ಬರಹ ಬಹಳ ಚೆನ್ನ, ಮನುಷ್ಯ ಬಹಳ ವಿಚಿತ್ರ ಅನ್ನಿಸಿಕೊಂಡ. ನೆಲಕ್ಕೆ ಬಿದ್ದು ಬೇಡಿಕೊಂಡ, ಬೈಗುಳ ತಿಂದ. ಈ ವಿವರವನ್ನು ಮರೆಯಬಾರದು. ಪರೀಕ್ಷೆಯನ್ನು ಹಾಸ್ಯ ಮಾಡಿದವನು ಹುಟ್ಟಿನಿಂದಲೇ ಅದನ್ನು ತಿರಸ್ಕರಿಸಿದ ಸಂನ್ಯಾಸಿಯಲ್ಲ. ಅವನೂ ಮಂಡಿಯೂರಿದ್ದ. ಫಾನ್ ಜಿನ್‌ನ ನಡುಕ ಅವನಿಗೆ ಒಳಗಿನಿಂದ ಗೊತ್ತಿತ್ತು.

1733ರಲ್ಲಿ ಊರು ಬಿಟ್ಟು ನಾನ್‌ಜಿಂಗ್‌ಗೆ ಬಂದು ಚಿನ್‌ಹುವಾಯ್ ನದಿಯ ಪಕ್ಕ ಮನೆ ಮಾಡಿದ. ನಾನ್‌ಜಿಂಗ್ ಸುತ್ತಲಿನ ಜಿಯಾಂಗ್‌ನಾನ್ ಪ್ರದೇಶದ ದೊಡ್ಡ ಪರೀಕ್ಷಾ ಆವರಣ ಇದ್ದದ್ದೂ ಅದೇ ನದಿಯ ದಡದಲ್ಲಿ. 1736ರಲ್ಲಿ ಚಕ್ರವರ್ತಿ ಕರೆದ ವಿಶೇಷ ಪರೀಕ್ಷೆಗೆ ಅವನ ಹೆಸರು ಶಿಫಾರಸಾಯಿತು, ಕಾಯಿಲೆ ಅಂತ ಬೀಜಿಂಗ್‌ಗೆ ಹೋಗಲಿಲ್ಲ. ಕಾದಂಬರಿಯಲ್ಲಿ ಅವನದೇ ನೆರಳಿನಂತಿರುವ ದೂ ಶಾವ್‌ಚಿಂಗ್ ಕಾಯಿಲೆಯ ನಾಟಕವಾಡಿ ತಪ್ಪಿಸಿಕೊಳ್ಳುತ್ತಾನೆ. ಬಡತನ ಹೇಗಿತ್ತೆಂದರೆ ಚಳಿಗಾಲದ ರಾತ್ರಿ ಮನೆಯಲ್ಲಿ ಕೆಂಡ ಇಲ್ಲದಾಗ ಐದಾರು ಗೆಳೆಯರನ್ನು ಕಟ್ಟಿಕೊಂಡು ಕೋಟೆ ಗೋಡೆಯ ಸುತ್ತ ಹಾಡುತ್ತಾ ಬೆಳಗಿನವರೆಗೆ ನಡೆಯುತ್ತಿದ್ದ. ಅದಕ್ಕೆ 'ಕಾಲು ಬೆಚ್ಚಗೆ ಮಾಡಿಕೊಳ್ಳುವುದು' ಅಂತ ಹೆಸರಿಟ್ಟಿದ್ದ.

ಕಾದಂಬರಿ 1750ರ ಹೊತ್ತಿಗೆ ಮುಗಿದಿತ್ತು. ಅವನು ಇರುವವರೆಗೂ ಕೈಬರಹದಲ್ಲೇ ಓಡಾಡಿತು. ಈಗ ಸಿಗುವ ಅತಿ ಹಳೆಯ ಮುದ್ರಣ 1803ರದು. ಇಂಥವನ ಹೆಸರು ಕೊನೆಗೆ ಕಟ್ಟುಕಥೆಯಿಂದ ಉಳಿಯಬೇಕಾಯಿತಲ್ಲ ಅಂತ ಗೆಳೆಯ ಚೆಂಗ್ ಜಿನ್‌ಫಾಂಗ್ ಕವಿತೆಯಲ್ಲಿ ಮರುಗಿದ. ಅಂದಿನ ಲೆಕ್ಕದಲ್ಲಿ ಕಾದಂಬರಿ ಬರೆಯುವುದು ಮರ್ಯಾದಸ್ಥರ ಕೆಲಸವಾಗಿರಲಿಲ್ಲ. ಪರೀಕ್ಷಾ ಪದ್ಧತಿ ನಿಂತದ್ದು 1905ರಲ್ಲಿ.

ಫಾನ್ ಜಿನ್ ಏನಾದ? ಬಹುಬೇಗ ಕಲಿತ. ತಾಯಿಯ ಸೂತಕದಲ್ಲೇ ಚಾಂಗ್ ಜೊತೆ ಒಬ್ಬ ಅಧಿಕಾರಿಯ ಮನೆ ಊಟಕ್ಕೆ ಹೋದ. ಶೋಕದಲ್ಲಿ ಇರುವವನು ಊಟಕ್ಕೆ ಬೆಳ್ಳಿಯ ಕಡ್ಡಿ ಮುಟ್ಟಬಾರದಲ್ಲ, ಮುಟ್ಟಲಿಲ್ಲ. ದಂತದ ಕಡ್ಡಿ ತಂದರು, ಅದೂ ಬೇಡ. ಕೊನೆಗೆ ಬಿದಿರಿನದು ಕೊಟ್ಟರು. ಇಷ್ಟು ಆಚಾರವಂತ ಬಾಡು ತಿನ್ನುವುದಿಲ್ಲವೇನೋ, ಬೇರೆ ಅಡುಗೆ ಮಾಡಿಸಿಲ್ಲವಲ್ಲ ಅಂತ ಮನೆಯವನಿಗೆ ಗಾಬರಿ. ಅಷ್ಟರಲ್ಲಿ ಫಾನ್ ಜಿನ್ ಬಿದಿರು ಕಡ್ಡಿಯಲ್ಲೇ ದೊಡ್ಡ ಸಿಗಡಿ ಉಂಡೆಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ.

ಮುಂದೆ ಜಿನ್‌ಶಿಯೂ ಆದ, ಶಾನ್‌ಡಾಂಗ್ ಪ್ರಾಂತ್ಯಕ್ಕೆ ಪರೀಕ್ಷಕನಾಗಿಯೂ ಹೋದ. ಗುರು ಚೌ ಜಿನ್ ತನ್ನ ಹಳೆಯ ಶಿಷ್ಯ ಶುನ್ ಮೇಯ್ ಎಂಬ ಹುಡುಗನನ್ನು ನೋಡಿಕೋ ಅಂದಿದ್ದ. ಎಷ್ಟು ಹುಡುಕಿದರೂ ಅವನ ಉತ್ತರಪತ್ರಿಕೆ ಸಿಗಲಿಲ್ಲ. ಆಗ ಜೊತೆಗಿದ್ದ ಕಿರಿಯನೊಬ್ಬ ಒಂದು ನಗೆಕಥೆ ಹೇಳಿದ. ಹಿಂದೆ ಒಬ್ಬರು ಸಿಚುವಾನ್‌ಗೆ ಪರೀಕ್ಷಕರಾಗಿ ಹೊರಟಾಗ, ಊಟದ ಹೊತ್ತಿಗೆ ಯಾರೋ, ಸಿಚುವಾನಿನ ಸು ಶಿ ಬರೆದದ್ದೆಲ್ಲ ಆರನೇ ದರ್ಜೆ, ಅಂದರೆ ಕಟ್ಟಕಡೆಯದು, ಅಂದಿದ್ದರಂತೆ. ಮೂರು ವರ್ಷ ಬಿಟ್ಟು ಬಂದ ಪರೀಕ್ಷಕರು ಅಂದರಂತೆ, ಎಲ್ಲ ಕಡೆ ಹುಡುಕಿದೆ, ಆ ಸು ಶಿ ಪರೀಕ್ಷೆಗೇ ಬಂದಿರಲಿಲ್ಲ. ಸು ಶಿ ಅವರ ಕಾಲಕ್ಕಿಂತ ನಾನ್ನೂರು ವರ್ಷ ಹಿಂದಿನ, ಸೊಂಗ್ ಕಾಲದ ಮಹಾಕವಿ. ಕಥೆ ಹೇಳಿದವನು ತೋಳಿನಿಂದ ಬಾಯಿ ಮುಚ್ಚಿಕೊಂಡು ನಕ್ಕ. ಫಾನ್ ಜಿನ್ ಮಾತ್ರ ಹುಬ್ಬು ಗಂಟಿಕ್ಕಿ ಯೋಚನೆಯಲ್ಲೇ ಇದ್ದ. ಸು ಶಿ ಹೇಗಿದ್ದರೂ ಚೆನ್ನಾಗಿ ಬರೆಯುವುದಿಲ್ಲವಲ್ಲ, ಸಿಗದಿದ್ದರೆ ಹೋಗಲಿ ಬಿಡಿ ಅಂದ. ಈ ಶುನ್ ಮೇಯ್ ಹಾಗಲ್ಲ, ಗುರುಗಳು ಹೇಳಿದ ಹುಡುಗ, ಇವನು ಸಿಗದಿದ್ದರೆ ನಾಚಿಕೆಗೇಡು.